ಬೋಟಿನ ಬೆನ್ನಿಗೆ ಎಂಜಿನ್ ಕೂರಿಸುವ ಬುಗುರಿಯಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೋಟ್ ಯಾರ್ಡಿನ ತಗಡಿನ ಸೂರಿನ ಕೆಳಗೆ, ಮರದ ದಿಮ್ಮಿಗಳ ಮೇಲೆ ನಿಂತ ಸಣ್ಣ ಬಿಳಿ ಬೋಟಿನ ಹಿಂಭಾಗದಲ್ಲಿ ಎರಡು ಕಾಲುಗಳು ಮಾತ್ರ ಕಾಣುತ್ತಿವೆ. ಉಳಿದ ಮನುಷ್ಯ ಎಂಜಿನ್ ಗೂಡಿನೊಳಗೆ ತಲೆಕೆಳಗಾಗಿದ್ದಾರೆ. ‘ನಮಸ್ಕಾರ’ ಅಂದೆ. ‘ನಮಸ್ಕಾರ ಮೇಡಂ, ಆ ದೊಡ್ಡ ಸ್ಪ್ಯಾನರ್ ಸ್ವಲ್ಪ ಕೊಡಿ’ ಎಂದು ಒಳಗಿನಿಂದ ಉತ್ತರ ಬರುತ್ತದೆ. ಸಂದರ್ಶನಕ್ಕೆ ಬಂದವಳು ಸ್ಪ್ಯಾನರ್ ಹಿಡಿದು ನಿಂತಿದ್ದೇನೆ.

ಯಾರ್ಡಿನಲ್ಲಿ ಇವರಿಗೆ ಬುಗುರಿಯಣ್ಣ ಎಂದೇ ಹೆಸರು. ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಮೋಜಿಗೆಂದು ಗಾಳ ಹಾಕಲು ಹೋಗುವವರ ಸಣ್ಣ ಬೋಟುಗಳಿಗೆ ಎಂಜಿನ್ ಕೂರಿಸುವುದು ಇವರ ಕಸುಬು. ಎಂಜಿನ್ ಬೋಟಿನ ಒಳಗೆ, ನೀರು ತಳ್ಳುವ ಫ್ಯಾನು ಇರುವ ಲೋಹದ ‘ಕಾಲು’ ಹೊರಗೆ ನೀರಿನಲ್ಲಿ. ಎರಡನ್ನೂ ಜೋಡಿಸಬೇಕೆಂದರೆ ಬೋಟಿನ ಹಿಂಬದಿಯ ಹಲಗೆಗೇ ದೊಡ್ಡ ತೂತು ಕೊರೆಯಬೇಕು. ತೇಲುವ ವಸ್ತುವಿಗೆ ತೂತು ಮಾಡಿ ಹೊಟ್ಟೆ ಹೊರೆಯುವವರು ಈ ಲೋಕದಲ್ಲಿ ಎಷ್ಟು ಮಂದಿ ಇದ್ದಾರು!

ಆ ತೂತಿನಿಂದ ನೀರು ಒಳಬಾರದಂತೆ ಮಡಿಕೆ ಮಡಿಕೆಯಾದ ದಪ್ಪ ರಬ್ಬರಿನ ತೋಳೊಂದನ್ನು ತೊಡಿಸುತ್ತಾರೆ. ಅದರ ಕೆಳಗೆ ಬುಗುರಿಯಣ್ಣ ಮುಖಕ್ಕೆ ಹಚ್ಚುವ ಪೌಡರ್ ಉದುರಿಸುತ್ತಾರೆ. ಒಂದೇ ಹನಿ ಜಿನುಗಿದರೂ ಪೌಡರಿನ ಮೇಲೆ ಗುರುತು ಬೀಳುತ್ತದೆ. ‘ನನ್ನ ಮುಖ ಕಂಡ ಪೌಡರಿಗಿಂತ ಬೋಟಿನ ಹೊಟ್ಟೆ ಕಂಡ ಪೌಡರೇ ಜಾಸ್ತಿ’ ಎಂದು ಟೀ ತಂದ ಇವರ ಹೆಂಡತಿ ನಗುತ್ತಾರೆ. ಗಂಡನ ಲೋಟ ಗೂಡಿನ ಅಂಚಿನ ಮೇಲೇ ಆರುತ್ತಿದೆ.

ಇಂದಿನ ಬೋಟು ಇವರ ಸ್ವಂತ ತಂಗಿಯದು. ಗಾಳದ ಗಿರಾಕಿಗಳನ್ನು ಕರೆದುಕೊಂಡು ಹೋಗಿ ಬರುವುದು ಆಕೆಯ ದುಡಿಮೆ. ಹೋದ ವರ್ಷ ಇದೇ ಬೋಟಿನಲ್ಲಿ ಪೆಟ್ರೋಲ್ ಎಂಜಿನ್ ಇತ್ತು. ಒಂದು ದಿನ ಗೂಡಿನಲ್ಲಿ ಆವಿ ಕೂಡಿಕೊಂಡಿದೆ, ಆಕೆ ಕೀಲಿ ತಿರುಗಿಸಿದ್ದೇ ತಡ, ಭಗ್ಗೆಂದು ಹೊತ್ತಿಕೊಂಡಿದೆ. ನೀರಿಗೆ ಹಾರಿ ಜೀವ ಉಳಿಸಿಕೊಂಡರು. ಬಲಗೈ ಮೊಣಕೈವರೆಗೆ ಸುಟ್ಟಿತು. ಆ ಎಂಜಿನ್ ಕೂರಿಸಿದ್ದು ಅಣ್ಣನೇ. ಎಲ್ಲಿ ಸೋರಿತೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ‘ತಪ್ಪು ನಂದು ಅಂತ ಗೊತ್ತಾದ್ರೆ ಅತ್ತು ಮುಗಿಸ್ಬಹುದು. ಅಲ್ಲ ಅಂತ ಗೊತ್ತಾದ್ರೆ ನಿದ್ದೆ ಬರುತ್ತೆ. ಎರಡೂ ಇಲ್ಲ’ ಎನ್ನುತ್ತಾರೆ ಬುಗುರಿಯಣ್ಣ, ಕೈಯಲ್ಲಿ ನಟ್ಟೊಂದನ್ನು ತಿರುಗಿಸುತ್ತಲೇ.

ಅಂದಿನಿಂದ ತಂಗಿ ಬೋಟಿನ ಕೀಲಿ ಮುಟ್ಟಿಲ್ಲ. ಸುಟ್ಟ ಹಲಗೆ ತೆಗೆದು ಹೊಸದು ಕಟ್ಟಿ, ಪೆಟ್ರೋಲಿನ ಸಹವಾಸವೇ ಬೇಡವೆಂದು ಅಣ್ಣ ಡೀಸೆಲ್ ಎಂಜಿನ್ ಇಳಿಸಿದ್ದಾರೆ. ಇವತ್ತು ಮತ್ತೆ ಹೊರಡುತ್ತೇನೆ, ಆಗದಿದ್ದರೆ ಬೋಟು ಮಾರಿಬಿಡುತ್ತೇನೆ ಎಂದು ಆಕೆ ಹೇಳಿದ್ದಾರೆ.

ಆದರೆ ಬೋಟು ಹೊರಡುವ ಸ್ಥಿತಿಯಲ್ಲಿಲ್ಲ. ನಿನ್ನೆ ಸಂಜೆ ಎಲ್ಲ ಮುಗಿದಿತ್ತು. ಮನಸ್ಸು ತಡೆಯದೆ ಬುಗುರಿಯಣ್ಣ ಬೆಳಗಿನ ಜಾವ ಬಂದು, ಜೋಡಿಸಿದ ಕಾಲನ್ನು ಮತ್ತೆ ಕಳಚಿ ಗೋಣಿಚೀಲದ ಮೇಲೆ ಮಲಗಿಸಿದ್ದಾರೆ. ತೂತಿನ ಮೂಲಕ ಉದ್ದನೆಯ ಉಕ್ಕಿನ ಸಲಾಕೆಯೊಂದನ್ನು ಎಂಜಿನ್ನಿನ ಬಾಯಿಗೆ ತಳ್ಳಿ ನೋಡಿದ್ದಾರೆ. ಎಂಜಿನ್ನೂ ಕಾಲೂ ಒಂದೇ ನೇರಕ್ಕಿದ್ದರೆ ಅದು ಎರಡು ಬೆರಳಿನಲ್ಲಿ ತಳ್ಳಿದರೂ ಜಾರಬೇಕು. ಜಾರಲಿಲ್ಲ. ಡೀಸೆಲ್ ಎಂಜಿನ್ ಭಾರ. ಅದರಡಿಯ ಹೊಸ ರಬ್ಬರ್ ಗುಂಡುಗಳು ರಾತ್ರಿಯಿಡೀ ಭಾರ ಹೊತ್ತು ಕುಗ್ಗಿದ ಮೇಲೆಯೇ ಅಳತೆ ಕೂಡಿಸಬೇಕು. ಇವರು ನಿನ್ನೆಯೇ ಕೂಡಿಸಿಬಿಟ್ಟಿದ್ದರು. ‘ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ ಮೇಡಂ, ಅದು ನಾನೇ. ತಂಗಿ ಮನಸ್ಸು ಬದಲಾಯಿಸ್ತಾಳೆ ಅಂತ ಓಡಿದೆ.’

ತಂಗಿ ಬರುತ್ತಾರೆ. ಹಿಂದೆಯೇ ಗಾಳ, ಟೋಪಿ, ಕೂಲಿಂಗ್ ಗ್ಲಾಸಿನ ಗಿರಾಕಿಗಳು. ಗೋಣಿಚೀಲದ ಮೇಲಿನ ಬೋಟಿನ ಕಾಲು ನೋಡಿ ಆಕೆ ನೇರ ಅಣ್ಣನ ಬಳಿಗೆ ಬರುತ್ತಾರೆ.

‘ಏನೋ ಅಣ್ಣ ಇದು? ಇವತ್ತೊಂದು ದಿನ ನಡೆಯಲ್ವಾ?’

‘ಇವತ್ತು ನಡೆಯುತ್ತೆ. ಈ ತಿಂಗಳೂ ನಡೆಯುತ್ತೆ. ಆಮೇಲೆ ನಡುನೀರಲ್ಲಿ ಎಂಜಿನ್ನೂ ಕಾಲೂ ಸೇರೋ ಕಡೆ ಹಲ್ಲು ಕಿತ್ಕೊಳ್ಳುತ್ತೆ.’

‘ನಾಳೆ ಬಾ ಅಂದ್ರೆ ನಾನು ಬರಲ್ಲ ನೋಡು. ಇಲ್ಲಿಗೆ ಬರೋಕೆ ಎಷ್ಟು ಕಷ್ಟ ಆಯ್ತು ನಿಂಗೇನು ಗೊತ್ತು.’

ಗಿರಾಕಿಗಳು ಗೊಣಗುತ್ತ ಬೇರೆ ಬೋಟು ಹುಡುಕಿಕೊಂಡು ಹೋಗುತ್ತಾರೆ. ಅಣ್ಣನಿಗೆ ಇದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ಸುತ್ತು ಬೋಟನ್ನು ಬಳಸಿ ಬರುತ್ತಾರೆ, ಇನ್ನೊಂದು ಸುತ್ತು ಹಾಕುತ್ತಾರೆ. ಕೊನೆಗೆ ಸಲಾಕೆಯನ್ನು ತಂಗಿಯ ಕೈಗೆ ಕೊಟ್ಟು, ‘ಮನೆಗೆ ಹೋಗ್ಬೇಡ. ನಾನು ಒಳಗೆ ನಟ್ಟು ತಿರುಗಿಸ್ತೀನಿ, ನೀನು ಹೊರಗಿಂದ ತಳ್ಳಿ ನೋಡ್ತಿರು. ಜಾರಿದಾಗ ನೀನೇ ಹೇಳು’ ಎನ್ನುತ್ತಾರೆ.

ತಂಗಿ ತಳ್ಳುತ್ತಾರೆ. ಸಿಕ್ಕಿಕೊಳ್ಳುತ್ತದೆ. ಹೊರಗೆಳೆದು, ಸಲಾಕೆಗೆ ಹಚ್ಚಿದ ಗ್ರೀಸಿನ ಮೇಲೆ ಗೀರು ಎಲ್ಲಿ ಬಿದ್ದಿದೆಯೆಂದು ನೋಡುತ್ತಾರೆ. ‘ಇನ್ನೂ ಮೇಲೆ ಎತ್ತು.’ ಮತ್ತೆ ತಳ್ಳುತ್ತಾರೆ. ‘ಸ್ವಲ್ಪ... ಅಯ್ಯೋ ಜಾಸ್ತಿ ಆಯ್ತು ಕಣೋ, ಇಳಿಸು.’ ಅಣ್ಣನನ್ನು ಬೈಯುವ ಭರದಲ್ಲಿ ಆಕೆ ಮೊಣಕಾಲೂರಿ, ಸುಟ್ಟ ಕೈಯನ್ನು ತೂತಿನೊಳಕ್ಕೆ ಭುಜದವರೆಗೆ ತೂರಿಸಿದ್ದಾರೆ. ಬಿಸಿಲೇರಿದ ಮೇಲೆ ಒಮ್ಮೆ ಸಲಾಕೆ ಸದ್ದಿಲ್ಲದೆ ಒಳಹೋಗುತ್ತದೆ. ಆಕೆ ಹೊರತೆಗೆದು ಮತ್ತೆ ತಳ್ಳಿ ನೋಡಿ, ‘ಜಾರ್ತು’ ಎನ್ನುತ್ತಾರೆ.

ಕಾಲನ್ನು ಮತ್ತೆ ಜೋಡಿಸಿ, ಮಧ್ಯಾಹ್ನ ಬೋಟನ್ನು ನೀರಿಗಿಳಿಸುತ್ತಾರೆ. ಕಟ್ಟೆಗೆ ಕಟ್ಟಿ ಕಾದು ನೋಡಿದರೆ ಪೌಡರ್ ಒಣಗಿಯೇ ಇದೆ. ಮೊದಲ ಸವಾರಿಯಲ್ಲಿ ಎಂಜಿನ್ ಮುಚ್ಚಳದ ಮೇಲೆ ಫಿಟ್ಟರ್ ಕೂರುವುದು ಇಲ್ಲಿನ ರೂಢಿ. ತನ್ನ ಕೆಲಸಕ್ಕೆ ತನ್ನ ಪ್ರಾಣವೇ ಜಾಮೀನು. ಬುಗುರಿಯಣ್ಣ ಹತ್ತಿ ಕೂರುತ್ತಾರೆ.

‘ಇಳಿ ಅಣ್ಣ’ ಎನ್ನುತ್ತಾರೆ ತಂಗಿ. ‘ನಿನ್ನ ಮುಖ ನೋಡಿದ್ರೇ ಭಯ ಆಗುತ್ತೆ. ಸಲಾಕೆ ತಳ್ಳಿದ್ದು ನಾನಲ್ವಾ? ನಾನೇ ಹೋಗಿ ಬರ್ತೀನಿ.’

ಅಣ್ಣ ಕಟ್ಟೆಗೆ ಇಳಿಯುತ್ತಾರೆ. ಆಕೆ ಕೀಲಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ಇರುತ್ತಾರೆ. ತಿರುಗಿಸುತ್ತಾರೆ. ಎಂಜಿನ್ ಒಮ್ಮೆ ಕೆಮ್ಮಿ, ಗುಡುಗುಡು ಎನ್ನುತ್ತ ಸಮಕ್ಕೆ ಬರುತ್ತದೆ. ಬೋಟು ಕಟ್ಟೆ ಬಿಟ್ಟು ಹೊರಡುತ್ತದೆ.

ಬುಗುರಿಯಣ್ಣ ಬೋಟಿಗೆ ಬೆನ್ನು ಹಾಕಿ, ಕಟ್ಟೆಯ ಕಬ್ಬಿಣದ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾರೆ. ನೋಡುವ ಧೈರ್ಯವಿಲ್ಲ.

‘ಮೇಡಂ, ಅವಳು ಎಂಜಿನ್ ಕಡೆ ತಿರುಗಿ ನೋಡಿದ್ಲಾ?’

‘ಇಲ್ಲ. ಮುಂದೆ ನೋಡ್ಕೊಂಡೇ ಹೋಗ್ತಿದ್ದಾರೆ.’

‘ಹಂಗೇ ಹೋಗ್ಲಿ’ ಎನ್ನುತ್ತಾರೆ, ಗೂಟ ಬಿಡದೆ. ‘ಹಿಂದೆ ನೋಡೋಕೆ ನಾನಿದ್ದೀನಿ.’