ಚೆಸ್ಟ್ ಗಾರ್ಡ್ ತೊಟ್ಟ ಅಪ್ಪ

ಸ್ನೇಹಿತರೇ, ಇವತ್ತು ಪುತ್ತೂರಿನ ಅಂಗಡಿಯಲ್ಲಿ ನನಗೆ ಎದೆಗೆ ಕಟ್ಟುವ ಚೆಸ್ಟ್ ಗಾರ್ಡ್ ಆರಿಸಲು ಅಪ್ಪನೂ ಬಂದರು. ಹೋದ ತಿಂಗಳು ನೆಲ್ಯಾಡಿಯ ಗುಡ್ಡದ ದಾರಿಯಲ್ಲಿ ನಾನು ಬೈಕಿನಿಂದ ಬಿದ್ದು, ಹ್ಯಾಂಡಲ್ ಎದೆಗೆ ಬಡಿದ ಮೇಲೆ ನನ್ನ ಕಾಡುದಾರಿಯ ಟ್ರೇಲ್ ಸವಾರಿಯನ್ನೇ ನಿಲ್ಲಿಸಿದ್ದವರು ಅವರು.

ನಾನು ಹಗುರವಾದ ಸ್ಪಂಜಿನದ್ದನ್ನು ಎತ್ತಿಕೊಂಡೆ. ಅಪ್ಪ ಅದನ್ನು ಒತ್ತಿ ನೋಡಿ, "ಇದೆಂತ ಮಗಳೇ, ತಲೆದಿಂಬಾ?" ಎಂದರು. ಗಟ್ಟಿ ಪ್ಲಾಸ್ಟಿಕ್ಕಿನದ್ದೊಂದನ್ನು ತಮ್ಮ ಅಂಗಿಯ ಮೇಲೆಯೇ ತೊಟ್ಟು, "ಒಮ್ಮೆ ಗುದ್ದಿ ನೋಡು" ಎಂದರು. ಹೆದರುತ್ತಲೇ ಗುದ್ದಿದೆ.

"ಎಂತದೂ ಗೊತ್ತಾಗುದಿಲ್ಲ. ಇದೇ ಇರ್ಲಿ."

"ಹಾಗಾದ್ರೆ ಭಾನುವಾರ ಸುಳ್ಯದ ಬೈಕ್ ತಂಡದವರೊಟ್ಟಿಗೆ ಹೋಗ್ಲಾ ಅಪ್ಪ?"

"ಹೋಗು. ನಾನು ಒಪ್ಪಿದ್ದು ಅಮ್ಮನಿಗೆ ಹೇಳ್ಬೇಡ."

ಅಬ್ಬ, ಹೋದ ಉಸಿರು ಬಂದಂತಾಯಿತು. ಅಮ್ಮ ನಿನ್ನೆಯೇ ಒಪ್ಪಿದ್ದಾರೆ. ಅಪ್ಪನಿಗೆ ಹೇಳಬೇಡ ಎಂದಿದ್ದಾರೆ.