ಗಾಜಿನಾಚೆ ಬೀಸಿದ ಕೈ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ಅಬುಧಾಬಿಯ ಕಾರ್ನಿಷ್‌ನಲ್ಲಿ, ಜನ ಸಂಜೆ ವಾಕಿಂಗ್ ಹೋಗುವ ಕಡಲ ದಾರಿಯ ಪಕ್ಕದ ಗಲ್ಲಿಯಲ್ಲಿ, ಒಂದು ಪುಟ್ಟ ಇಟಾಲಿಯನ್ ಹೋಟೆಲಿತ್ತು. ಕೆಂಪು-ಬಿಳಿ ಚೌಕುಳಿಯ ಮೇಜುಬಟ್ಟೆ, ಬಾಗಿಲು ತಲುಪುವ ಮೊದಲೇ ಮೂಗಿಗೆ ಬಡಿಯುವ ಬೆಳ್ಳುಳ್ಳಿಯ, ಬೆಂದ ಟೊಮೆಟೊದ ವಾಸನೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಆ ಹೋಟೆಲಿನ ಅಡುಗೆಯವರು. ಮಂಗಳೂರಿನಿಂದ ಹೋದ ಅಪ್ಪ ಮೊಟ್ಟೆ ಹಾಕಿ ಹಿಟ್ಟು ನಾದಿ, ತೆಳ್ಳಗೆ ಲಟ್ಟಿಸಿ, ಪಾಸ್ತಾ ಕತ್ತರಿಸುತ್ತಿದ್ದರು. "ನಮ್ಮ ಶ್ಯಾವಿಗೆ ಹಾಗೇ ಮಾರಾಯ್ತಿ, ಹಿಟ್ಟು ಮಾತ್ರ ಬೇರೆ" ಎನ್ನುತ್ತಿದ್ದರು.

ರಸ್ತೆಗೆ ಕಾಣುವಂತೆ ಒಂದು ದೊಡ್ಡ ಗಾಜು, ಅದರ ಹಿಂದೆ ಲಟ್ಟಿಸುವ ಮೇಜು. ಅಪ್ಪ ನಿಲ್ಲುತ್ತಿದ್ದದ್ದು ಅಲ್ಲೇ. ಶಾಲೆಯಲ್ಲಿ ನಾನು ಜಂಬ ಕೊಚ್ಚಿದ್ದೇ ಕೊಚ್ಚಿದ್ದು: "ನಮ್ಮ ಡ್ಯಾಡಿ ಶೆಫ್! ಉದ್ದ ಬಿಳಿ ಟೋಪಿ ಹಾಕ್ತಾರೆ!" ಒಂದು ಶುಕ್ರವಾರ ಸಂಜೆ ಇಬ್ಬರು ಗೆಳತಿಯರನ್ನು ಕರೆದುಕೊಂಡೇ ಹೋದೆ. "ಬನ್ನಿ, ಕೈ ಬೀಸ್ತೇನೆ" ಎಂದು ಅಪ್ಪ ಬೆಳಿಗ್ಗೆಯೇ ಹೇಳಿದ್ದರು.

ಗಾಜಿನ ಹಿಂದೆ ಅಪ್ಪ ಇರಲಿಲ್ಲ. ಹೋಟೆಲಿನ ಇಟಾಲಿಯನ್ ಧಣಿಯ ಸೋದರಳಿಯ, ಆಗಷ್ಟೇ ಇಟಲಿಯಿಂದ ಬಂದವನು, ಅಪ್ಪನ ಟೋಪಿ ಹಾಕಿ ನಿಂತಿದ್ದ. ಗಿರಾಕಿಗಳಿಗೆ ಇಟಲಿಯ ಮುಖವೇ ಕಾಣಬೇಕೆಂದು ಧಣಿ ಹೇಳಿದ್ದರಂತೆ. ಅವನಿಗೆ ಲಟ್ಟಿಸಲು ಬರುತ್ತಿರಲಿಲ್ಲ, ಸುಮ್ಮನೆ ಹಿಟ್ಟು ಉದುರಿಸುತ್ತಿದ್ದ. ಅಷ್ಟರಲ್ಲಿ ಅಪ್ಪ ಪಾಸ್ತಾದ ತಟ್ಟೆ ಹಿಡಿದು ಒಳಗಿನಿಂದ ಬಂದರು. ಬರಿತಲೆ, ಟೊಮೆಟೊ ಕಲೆಯ ಏಪ್ರನ್, ಮೈಯೆಲ್ಲ ಬೆವರು. ನನ್ನನ್ನು ಕಂಡದ್ದೇ ಮುಖವೆಲ್ಲ ನಗುವಾಗಿ, ಹಿಟ್ಟು ಮೆತ್ತಿದ ಕೈ ಎತ್ತಿ ಬೀಸಿದರು.

"ಅವರಾ ನಿನ್ನ ಡ್ಯಾಡಿ?" ಗೆಳತಿ ಕೇಳಿದಳು.

"ಛೆ, ಅಲ್ಲ! ಅದು ಹೆಲ್ಪರ್. ಡ್ಯಾಡಿಗೆ ಇವತ್ತು ರಜೆ" ಎಂದು ತಲೆಯಲ್ಲಾಡಿಸಿ ಬೆನ್ನು ತಿರುಗಿಸಿದೆ. ಎಲುಬಿಲ್ಲದ ಹಾಳು ನಾಲಗೆ! ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಗಾಜಿನಾಚೆಗೆ ಮಾತು ಕೇಳಿಸಿರಲಿಕ್ಕಿಲ್ಲ. ಆದರೆ ಹೋಗುವಾಗ ಓರೆಗಣ್ಣಲ್ಲಿ ನೋಡಿದೆ, ಅಪ್ಪನ ಕೈ ಕೆಳಗಿಳಿದಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಬೈಯಲಿಲ್ಲ. ನನ್ನ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾ, "ಗಾಜಿಗೆ ಬಿಸಿಲು ಹೊಡೀತಾ ಇತ್ತಲ್ಲಾ, ನಾನು ನಿಂಗೆ ಕಾಣ್ಲಿಲ್ಲ ಅಲ್ವಾ ಮಗಾ?" ಎಂದರು.

"ಹೌದಪ್ಪ, ಕಾಣ್ಲಿಲ್ಲ" ಎಂದೆ.

ಈಗ ನಿಮ್ಮ ಕಾಲದ ಹೋಟೆಲುಗಳಲ್ಲಿ ಅಡುಗೆಯವರು ಮೇಜಿನ ಬಳಿಗೇ ಬಂದು ಮಾತಾಡಿಸುತ್ತಾರೆ. ಮೊನ್ನೆ ನೀವು ಗುರುತೇ ಇಲ್ಲದ ಒಬ್ಬ ಅಡುಗೆಯವರ ಪಕ್ಕ ನಿಂತು ಸೆಲ್ಫಿ ತೆಗೆದು ಎಲ್ಲರಿಗೂ ಕಳಿಸಿದಿರಿ. "ಅಜ್ಜಿ, ಯು ಆಲ್ಸೋ ಕಮ್!" ಎಂದು ಕರೆದಿರಿ, ನಾನು ಬರಲಿಲ್ಲ. ನಿಮಗೆ ಅಲ್ಲಿ ನಿಲ್ಲಲು ನಾಚಿಕೆಯಾಗಲಿಲ್ಲ, ಒಳ್ಳೆಯದಾಯಿತು. ನನಗಾಗಿತ್ತು. ಅಪ್ಪ ಅದೇ ಹೋಟೆಲಿನಲ್ಲಿ ಇನ್ನೂ ಎಷ್ಟೋ ವರ್ಷ ದುಡಿದರು. ನೋಡಲು ಬಾ ಎಂದು ನನ್ನನ್ನು ಮತ್ತೆ ಒಮ್ಮೆಯೂ ಕರೆಯಲಿಲ್ಲ.