ಸೇಫ್ಟಿ ತೆಗೆದರೆ ಸಿಡಿಯುವ ಕೋವಿ

ಕೋವಿ ಕೊಂಡದ್ದು ನಾನು, ನನ್ನ ಗಂಡ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಈ ಮಾತನ್ನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿದ್ದೆವು. ನನ್ನವರು ಮೈಸೂರಿನವರು, ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಮನೆಯಿಂದ ಬಂದವರು. ಕಾರು ಕಂಪನಿಯೊಂದರಲ್ಲಿ ಬಾಗಿಲಿನ ಲಾಕುಗಳ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದರು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ನನ್ನ ಅಪ್ಪ ಹುಣಸೂರಿನ ಕಡೆ ಫಾರೆಸ್ಟ್ ರೇಂಜರ್ ಆಗಿದ್ದರು. ನನಗೆ ಹನ್ನೆರಡು ತುಂಬಿದಾಗ ಕೈಗೆ ಕೋವಿ ಕೊಟ್ಟು, ಬೇಲಿಯ ಮೇಲಿಟ್ಟ ತೆಂಗಿನ ಚಿಪ್ಪಿಗೆ ಗುರಿಯಿಡುವುದನ್ನು ಕಲಿಸಿದ್ದರು. ಮದುವೆಯಾದ ಮೇಲೆ ಅದನ್ನು ನೆನೆಸಿಕೊಳ್ಳಲೂ ಸಮಯವಿರಲಿಲ್ಲ.

ನೆನಪಿಸಿದವಳು ಪಕ್ಕದ ಮನೆಯ ಮುದುಕಿ. ಪೋಲೆಂಡ್ ಮೂಲದವಳು, ಗಂಡ ಕಾರ್ಖಾನೆಯಲ್ಲಿ ದುಡಿದು ದುಡಿದು ತೀರಿಹೋಗಿದ್ದ. ಪ್ರತಿ ನವೆಂಬರಿನಲ್ಲಿ ಒಬ್ಬಳೇ ಟ್ರಕ್ ಓಡಿಸಿಕೊಂಡು ಇನ್ನೂರು ಮೈಲಿ ಉತ್ತರದ ಕಾಡಿಗೆ ಜಿಂಕೆ ಬೇಟೆಗೆ ಹೋಗುತ್ತಿದ್ದಳು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಹರವುತ್ತಾ, ನನಗೂ ಗುಂಡು ಹೊಡೆಯಲು ಬರುತ್ತದೆ ಎಂದೆ. ಅವಳು ನನ್ನ ಸೀರೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. "ಹಾಗಾದರೆ ಈ ಸಲ ನನ್ನ ಜೊತೆ ಬಾ" ಎಂದಳು.

ಪ್ಲಿಮತ್‌ನ ಅಂಗಡಿಯೊಂದರಲ್ಲಿ ಹೊಸ ರೈಫಲ್ ಕೊಂಡೆ. ಮನೆಗೆ ತಂದು ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಪೆಟ್ಟಿಗೆ ತೆರೆದೆ. ಹಬ್ಬಕ್ಕೆ ತಂದ ಹೊಸ ಸೀರೆಯ ಪೊಟ್ಟಣ ಬಿಚ್ಚುವ ಹುಮ್ಮಸ್ಸಿತ್ತು ನನಗೆ. ಗ್ರೀಸ್ ಒರೆಸುತ್ತಾ ಹೋದಂತೆ ಅದು ಇಳಿಯುತ್ತಾ ಬಂತು. ಮರದ ಹಿಡಿಯ ಮೇಲೆ ವಾರ್ನಿಷ್ ಮೂಗಿನ ಸಿಂಬಳದಂತೆ ಇಳಿದು ಗಟ್ಟಿಯಾಗಿತ್ತು. ಅದರೊಳಗೆ ಬ್ರಷ್ಷಿನ ಕೂದಲೊಂದು ಅಂಟಿಕೊಂಡು ಸತ್ತಿತ್ತು. ಸ್ಕ್ರೂಗಳ ತಲೆಯನ್ನು ಯಾರೋ ಕಚ್ಚಿದಂತಿತ್ತು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಇರುವ ಪುಟ್ಟ ಕಡ್ಡಿ ಎಡಕ್ಕೆ ವಾಲಿತ್ತು. ಯಾವನೋ ಒಬ್ಬ ಇದನ್ನು ಕೈಯಲ್ಲಿ ಹಿಡಿದು, ಕಣ್ಣಾರೆ ನೋಡಿ, ಸರಿಯಿದೆ ಎಂದು ಪೆಟ್ಟಿಗೆಗೆ ಹಾಕಿದ್ದಾನಲ್ಲ ಎಂದು ಅಸಹ್ಯವಾಯಿತು.

ನನ್ನವರು ದೂರದಲ್ಲೇ ನಿಂತಿದ್ದರು. "ನೋಡೋಕೆ ಹೇಗಿದ್ರೇನು, ಕೆಲಸ ಮಾಡಿದ್ರೆ ಸಾಕಲ್ವಾ?" ಎಂದರು.

ಅದು ಕೆಲಸವನ್ನೂ ಮಾಡಲಿಲ್ಲ. ಶನಿವಾರ ಮುದುಕಿಯ ಜೊತೆ ಗುಂಡು ಹೊಡೆದು ಅಭ್ಯಾಸ ಮಾಡುವ ಮೈದಾನಕ್ಕೆ ಹೋದೆ. ಮೊದಲ ಗುಂಡೇನೋ ಹಾರಿತು. ಖಾಲಿ ತೋಟಾ ಹೊರತೆಗೆಯಲು ನಳಿಗೆಯ ಹಿಂದಿನ ಬೋಲ್ಟಿನ ಹಿಡಿ ಎಳೆದರೆ ಜಪ್ಪಯ್ಯ ಎಂದರೂ ಬರಲಿಲ್ಲ. ಕೊನೆಗೆ ಮುದುಕಿ ಒಂದು ಸೌದೆ ತುಂಡಿನಿಂದ ಬಡಿದು ತೆಗೆದಳು. ಹೊರಬಂದ ಹಿತ್ತಾಳೆಯ ತೋಟಾದ ಸುತ್ತ ಗೀರುಗಳು. ಅವಳು ಅದನ್ನು ಉಗುರಿನಿಂದ ಸವರಿ ನೋಡಿದಳು.

"ಒಳಗೆ ಕೊರೆದವರು ನಯ ಮಾಡದೆ ಹಾಗೇ ಬಿಟ್ಟಿದ್ದಾರೆ. ನನ್ನ ಗಂಡ ಇಂಥದ್ದನ್ನು ಕಸದ ಡಬ್ಬಿಗೆ ಎಸೀತಿದ್ದ" ಎಂದಳು.

ಅಂಗಡಿಗೆ ಗಂಡನನ್ನೂ ಕರೆದುಕೊಂಡು ಹೋದೆ. ಅದೇ ತಪ್ಪಾಯಿತು. ಕೌಂಟರಿನವನು ನಾನು ಹೇಳಿದ್ದನ್ನೆಲ್ಲ ಕೇಳಿ, ಉತ್ತರವನ್ನು ಮಾತ್ರ ಅವರಿಗೆ ಕೊಟ್ಟ. "ನಿಮ್ಮ ಹೆಂಡತಿಗೆ ಬೋಲ್ಟ್ ಗಟ್ಟಿಯಾಗಿ ಎಳೆಯೋಕೆ ಹೇಳಿ. ಹೆಂಗಸರಿಗೆ ತೋಳಲ್ಲಿ ಶಕ್ತಿ ಕಮ್ಮಿ." ನನ್ನವರು ಬದುಕಿನಲ್ಲಿ ಕೋವಿ ಮುಟ್ಟಿದವರಲ್ಲ. ಗಂಟಲು ಸರಿಮಾಡಿಕೊಂಡು, "ಕಂಪನಿಗೆ ಕಳಿಸಿ ನೋಡಿ" ಎಂದರು. ಅವನು ಮನಸ್ಸಿಲ್ಲದೆ ಚೀಟಿ ಬರೆದುಕೊಂಡ.

ಆರು ವಾರವಾದ ಮೇಲೆ ರೈಫಲ್ ವಾಪಸ್ ಬಂತು. ವಾರ್ನಿಷ್ ಹಾಗೇ ಇತ್ತು, ಕಡ್ಡಿ ಹಾಗೇ ವಾಲಿತ್ತು. ಜೊತೆಗೆ ಟೈಪ್ ಮಾಡಿದ ಪತ್ರ. ನನ್ನವರು ಅಡುಗೆಮನೆಯಲ್ಲಿ ನಿಂತು ಓದಿದರು: ಪರೀಕ್ಷಿಸಲಾಗಿದೆ, ತೋಟಾ ಸಿಕ್ಕಿಕೊಳ್ಳದಂತೆ ಒಳಭಾಗವನ್ನು ಉಜ್ಜಲಾಗಿದೆ, ಉಳಿದೆಲ್ಲವೂ ಕಾರ್ಖಾನೆಯ ಅಳತೆಯ ಮಿತಿಯೊಳಗೆ ಇದೆ. ಓದಿ, ಪತ್ರವನ್ನು ಮಡಿಸಿ ಮತ್ತೆ ಬಿಚ್ಚಿದರು.

"ಯಾಕ್ರೀ?" ಎಂದೆ.

"ಏನಿಲ್ಲ."

"ಹೇಳಿ ಪರವಾಗಿಲ್ಲ."

"ಈ ಮಾತು ನಾನೂ ಬರೀತೀನಿ ಕಣೆ. ಮಿತಿಯೊಳಗೆ ಇದೆ ಅಂತ. ಬಾಗಿಲು ತಾನಾಗೇ ತೆಗೆದುಕೊಳ್ಳತ್ತೆ ಅಂತ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ, ಮೊದಲನೇ ಸಲ ಈ ಲೆಟರೇ ಹೋಗೋದು. ಜನ ಅರ್ಧಕ್ಕರ್ಧ ಅಲ್ಲಿಗೇ ಬಿಟ್ಟುಬಿಡ್ತಾರೆ."

"ನೋಡದೇನೇ ಬರೀತೀರಾ?"

"ಕೆಲವು ಸಲ ನೋಡ್ತೀವಿ."

ನನಗೆ ಊಟ ಸೇರಲಿಲ್ಲ. ಜೊತೆಗೆ ಬಾಳುತ್ತಿದ್ದ, ನೊಣವನ್ನೂ ಹೊಡೆಯದ ಮನುಷ್ಯ. ಅವರ ತಟ್ಟೆಗೆ ಸಾರು ಬಡಿಸುವಾಗ ಕೈ ಹಿಂಜರಿಯಿತು ಎಂದರೆ ಅತಿಯಾಗಿ ಹೇಳುತ್ತಿಲ್ಲ.

ಮುಂದಿನ ಶನಿವಾರ ಮತ್ತೆ ಮೈದಾನ. ತೋಟಾ ಈಗ ಸರಾಗವಾಗಿ ಬರುತ್ತಿತ್ತು. ನಾಲ್ಕು ಗುಂಡು ಹೊಡೆದೆ. ಐದನೆಯದನ್ನು ತುಂಬಿಸಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಗುಂಡಿ ಹಾಕಿದೆ. ಮುದುಕಿ ಏನೋ ಕೇಳಿದಳು, ಉತ್ತರ ಹೇಳಿ, ನಳಿಗೆಯನ್ನು ಮುಂದಿನ ನೆಲದ ಕಡೆಗೇ ಇಟ್ಟುಕೊಂಡು ಹೆಬ್ಬೆರಳಿನಿಂದ ಸೇಫ್ಟಿ ತೆಗೆದೆ. ಢಂ ಎಂದಿತು. ಹತ್ತು ಅಡಿ ಮುಂದೆ ಮಣ್ಣು ಎದ್ದು ನಮ್ಮ ಮೈಮೇಲೆ ಬಿತ್ತು.

ನನ್ನ ಬೆರಳು ಟ್ರಿಗರ್ ಹತ್ತಿರವೇ ಇರಲಿಲ್ಲ. ಅದನ್ನು ಮುದುಕಿ ನೋಡಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. "ನೀನಲ್ಲ. ನಾನು ನೋಡಿದೆ, ನೀನಲ್ಲ" ಎಂದು ಎರಡು ಸಲ ಹೇಳಿದಳು. ಎರಡು ನಿಮಿಷ ಮುಂಚೆ ಅವಳು ಗುರಿಹಲಗೆ ನೋಡಿಬರಲು ನನ್ನ ಮುಂದೆಯೇ ನಡೆದುಹೋಗಿದ್ದಳು. ಅದು ನೆನಪಾಗಿ, ಬೇಲಿ ಹಿಡಿದುಕೊಂಡು ವಾಂತಿ ಮಾಡಿದೆ.

ಮನೆಗೆ ಬಂದು ತೋಟಾ ಇಲ್ಲದೆ ಆಡಿಸಿ ನೋಡಿದೆ. ಸೇಫ್ಟಿ ಹಾಕಿ ಟ್ರಿಗರ್ ಒಮ್ಮೆ ಒತ್ತಿ ಬಿಟ್ಟರೆ, ಆಮೇಲೆ ಸೇಫ್ಟಿ ತೆಗೆದ ಕ್ಷಣ ಒಳಗೆ ಟಕ್ ಎನ್ನುತ್ತಿತ್ತು. ಕೆಲವು ಸಲ ಒತ್ತದಿದ್ದರೂ ಟಕ್. ನನ್ನವರು ಪಕ್ಕದಲ್ಲಿ ಕೂತು, ಮೊದಲ ಬಾರಿಗೆ ಅದನ್ನು ಕೈಗೆ ತೆಗೆದುಕೊಂಡು, ತಾವೂ ಆಡಿಸಿ ನೋಡಿದರು. ಟಕ್ ಎಂದಾಗ ಬೆಚ್ಚಿಬಿದ್ದರು.

ಸೋಮವಾರ ನಾನೊಬ್ಬಳೇ ಅಂಗಡಿಗೆ ಹೋದೆ. ಗಿರಾಕಿಗಳು ನಾಲ್ಕೈದು ಜನರಿದ್ದರು. ಒಳಗೆ ತೋಟಾ ಇಲ್ಲವೆಂದು ತೋರಿಸಿ, ಕೌಂಟರಿನ ಮೇಲೇ ಆಡಿಸಿದೆ. ಟಕ್. ಮತ್ತೊಮ್ಮೆ. ಟಕ್. ಒಬ್ಬ ಗಿರಾಕಿ ಹಿಂದೆ ಸರಿದ.

ಅಂಗಡಿಯವನು, "ನಿಮ್ಮ ಗಂಡ ಬರಲಿಲ್ಲವೇ?" ಎಂದ.

"ಕೋವಿ ನಂದು. ನನಗೆ ಹೇಳಿ."

"ಸೇಫ್ಟಿ ಹಾಕಿದಾಗ ಟ್ರಿಗರ್ ಮುಟ್ಟಬಾರದು, ಮೇಡಂ."

"ಮುಟ್ಟಿಲ್ಲ. ಮುಟ್ಟದೇ ಗುಂಡು ಹಾರಿದೆ. ಒಬ್ಬ ಹೆಂಗಸು ಸಾಯೋದ್ರಲ್ಲಿದ್ದಳು."

ಅವನು ನಿಟ್ಟುಸಿರು ಬಿಟ್ಟು, ಶೆಲ್ಫಿನಿಂದ ಅದೇ ಮಾದರಿಯ ಇನ್ನೊಂದು ತಂದುಕೊಟ್ಟ. ಹೊಚ್ಚಹೊಸದು. ಅಲ್ಲೇ ಆಡಿಸಿದೆ. ಏಳನೆಯ ಸಲಕ್ಕೆ ಟಕ್. ಅಂಗಡಿಯವನ ಕಿವಿ ಕೆಂಪಾಯಿತು. ನನ್ನ ಕೋವಿ ಇಟ್ಟುಕೊಂಡು, ಕೊಟ್ಟಿದ್ದ ದುಡ್ಡನ್ನು ವಾಪಸ್ ಮಾಡಿದ.

"ಇನ್ನುಳಿದವನ್ನು ಏನು ಮಾಡ್ತೀರಿ?" ಎಂದು ಕೇಳಿದೆ.

"ಅದು ಕಂಪನಿಗೆ ಬಿಟ್ಟಿದ್ದು" ಎಂದು, ಆ ಹೊಸ ರೈಫಲನ್ನು ಒರೆಸಿ ನನ್ನ ಕಣ್ಣೆದುರೇ ಶೆಲ್ಫಿಗೆ ಸೇರಿಸಿದ. ಇಷ್ಟು ವರ್ಷವಾದರೂ ನನಗೆ ಗುಂಡಿನ ಸದ್ದಿಗಿಂತ ಆ ಒರೆಸುವ ಕೈ ಹೆಚ್ಚು ಅಸಹ್ಯ. ಕೋವಿ ಕಂಪನಿಗೆ ಎರಡು ಪತ್ರ ಬರೆದೆ. ಉತ್ತರವಾಗಿ, ನಳಿಗೆ ಸ್ವಚ್ಛ ಮಾಡುವ ಎಣ್ಣೆಯ ಪುಟ್ಟ ಸೀಸೆಯೊಂದು ಅಂಚೆಯಲ್ಲಿ ಬಂತು. ಅದನ್ನು ಮೋರಿಗೆ ಸುರಿದೆ.

ನನ್ನವರ ಕೆಲಸದ ವಿಷಯ ನಾನು ಮತ್ತೆ ಎತ್ತಲಿಲ್ಲ. ಒಂದು ಸಂಜೆ ಅವರೇ, "ಇವತ್ತು ಒಂದು ಲಾಕ್ ತರಿಸಿಕೊಂಡು ನೋಡಿದೆ. ಆ ಕಂಪ್ಲೇಂಟ್ ಸರಿಯಾಗಿತ್ತು. ಹಾಗೇ ಬರೆದೆ, ಬಾಸ್ ಕೂಗಾಡಿದ" ಎಂದರು. ಎರಡು ತಿಂಗಳಲ್ಲಿ ಅವರನ್ನು ಸೀಟು ಬೆಲ್ಟಿನ ಬಣ್ಣ ಆರಿಸುವ ವಿಭಾಗಕ್ಕೆ ಹಾಕಿದರು. ಅದನ್ನು ಹೇಳುವಾಗ ನಕ್ಕರು. ನಾನೂ ನಕ್ಕೆ, ಬಹಳ ದಿನಗಳ ಮೇಲೆ.

ನವೆಂಬರಿನಲ್ಲಿ ಮುದುಕಿ ತನ್ನ ಗಂಡನ ಹಳೆಯ ರೈಫಲ್ ನನಗೆ ಕೊಟ್ಟಳು. ಚೊಕ್ಕವಾದದ್ದು, ಎಲ್ಲೂ ಒಂದು ಊನವಿಲ್ಲ. ಉತ್ತರದ ಕಾಡಿನಲ್ಲಿ ನೀರು ಹೆಪ್ಪುಗಟ್ಟುವ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ, ಒಂದು ಪೈನ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗಂಡು ಜಿಂಕೆಯೊಂದು ನಲವತ್ತು ಗಜ ದೂರದಲ್ಲಿ ಬಂದು ನಿಂತಿತು. ಅಡ್ಡಲಾಗಿ ನಿಂತು ಕಿವಿ ಅಲ್ಲಾಡಿಸುತ್ತಿತ್ತು. ಭುಜಕ್ಕೆ ಕೋವಿ ಒರಗಿಸಿ ಗುರಿ ಹಿಡಿದೆ. ಹೆಬ್ಬೆರಳು ಸೇಫ್ಟಿಯ ಮೇಲಿತ್ತು. ಅದನ್ನು ಮುಂದಕ್ಕೆ ತಳ್ಳಬೇಕು, ಅಷ್ಟೆ. ತಳ್ಳಲಾಗಲಿಲ್ಲ. ಜಿಂಕೆ ತನ್ನ ಪಾಡಿಗೆ ತಾನು ಹೊರಟುಹೋಯಿತು.

ಮಧ್ಯಾಹ್ನ ಮುದುಕಿ ಬಂದು, "ಏನೂ ಕಾಣಿಸಲಿಲ್ಲವೇ?" ಎಂದಳು.

"ಇಲ್ಲ" ಎಂದೆ. ಹಿಮದಲ್ಲಿ ಗೊರಸಿನ ಗುರುತುಗಳು ಸ್ಪಷ್ಟವಾಗಿದ್ದವು. ಅವಳು ಅವನ್ನು ನೋಡಿದಳು. ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟಳು.